18ರ ಮತ ಮಂಡಿಸಿದ ಚಿಕ್ಕೋಡಿಯ ಸಂಸದ: ಏಳು ಗೆಲುವು, ಎರಡು ಸಮಿತಿ

ನಾನು ಮೊದಲ ಸಲ ಮತ ಹಾಕಿದ್ದು ನಿಪ್ಪಾಣಿಯಲ್ಲಿ, ಹದಿನೆಂಟು ತುಂಬಿದ ವರ್ಷವೇ. ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸೋ ಮಸೂದೆಯನ್ನು 1988ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡಿಸಿದವರು ನಮ್ಮದೇ ಚಿಕ್ಕೋಡಿಯ ಸಂಸದ ಬಿ. ಶಂಕರಾನಂದ ಅಂತ ಆಗ ನಂಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಮ್ಮ ಅಜ್ಜನನ್ನ ಕೇಳಿದೆ. ಅವರಿಗೆ ಈ ಮಸೂದೆಯ ನೆನಪೇ ಇಲ್ಲ. ನೆನಪಿದ್ದದ್ದು ಹಗರಣ ಒಂದೇ.

ಶಂಕರಾನಂದ ಹುಟ್ಟಿದ್ದು 1925ರಲ್ಲಿ. ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಚಿಕ್ಕೋಡಿಯಿಂದ 1967ರಲ್ಲಿ ಕಾಂಗ್ರೆಸ್ ಟಿಕೆಟ್ ಮೇಲೆ ಗೆದ್ದರು. 1991ರವರೆಗೆ ಸತತ ಏಳು ಸಲ ಗೆದ್ದರು. ತುರ್ತುಪರಿಸ್ಥಿತಿಯ ಸಿಟ್ಟಿಗೆ ಉತ್ತರ ಭಾರತದಲ್ಲಿ ಇಂದಿರಾ ಗಾಂಧಿಯವರೇ ಸೋತ 1977ರಲ್ಲೂ ಈ ಸೀಟು ಅಲ್ಲಾಡಲಿಲ್ಲ. ಇಂದಿರಾ ಸರ್ಕಾರದಲ್ಲಿ ಅವರು ಆರೋಗ್ಯ ಮಂತ್ರಿ. 1983ರಲ್ಲಿ ದೇಶದ ಮೊದಲ ರಾಷ್ಟ್ರೀಯ ಆರೋಗ್ಯ ನೀತಿ ಬಂದದ್ದು ಅವರ ಕಾಲದಲ್ಲೇ. ಆದ್ರೆ ಅದಕ್ಕೆ ಎರಡು ವರ್ಷ ಮೊದಲು, 1981ರಲ್ಲಿ, ತಂಬಾಕಿನ ಬೆಲೆಗಾಗಿ ಹೆದ್ದಾರಿ ಮೇಲೆ ಕೂತಿದ್ದ ನಿಪ್ಪಾಣಿಯ ರೈತರ ಮೇಲೆ ಗೋಲಿಬಾರ್ ಆಗಿತ್ತು. ಹತ್ತಕ್ಕೂ ಹೆಚ್ಚು ಜನ ಸತ್ತರು. ಅಷ್ಟಾದ್ರೂ 1984ರಲ್ಲಿ ಗೆದ್ದವರು ಅವರೇ.

ಈಗ ಆ ಎರಡು ಸಮಿತಿಗಳ ಕಥೆಗೆ ಬರೋಣ. 1987ರಲ್ಲಿ ಬೋಫೋರ್ಸ್ ತನಿಖೆಗೆ ಜಂಟಿ ಸಂಸದೀಯ ಸಮಿತಿ ಆಯ್ತು. ಅಧ್ಯಕ್ಷರು ಶಂಕರಾನಂದ. ಪ್ರಮುಖ ವಿರೋಧ ಪಕ್ಷಗಳು ಅದರಲ್ಲಿ ಕೂರೋಕೆ ಒಪ್ಪಲಿಲ್ಲ. 1988ರಲ್ಲಿ ಬಂದ ವರದಿ ಸರ್ಕಾರಕ್ಕೆ ಕ್ಲೀನ್ ಚಿಟ್ ಕೊಟ್ಟಿತು. ಅಣ್ಣಾ ಡಿಎಂಕೆಯ ಆಲಡಿ ಅರುಣಾ ಮಾತ್ರ ಭಿನ್ನಮತ ಬರೆದರು. ಅದೇ ವರ್ಷ ಶಂಕರಾನಂದ ಕಾನೂನು ಮಂತ್ರಿಯಾದರು.

ಎರಡನೇ ಸಮಿತಿ 1992ರದ್ದು, ಹರ್ಷದ್ ಮೆಹ್ತಾ ಷೇರು ಹಗರಣಕ್ಕೆ ಸಂಬಂಧಿಸಿದ್ದು. ಶಂಕರಾನಂದ ಆಗ ಪೆಟ್ರೋಲಿಯಂ ಮಂತ್ರಿ. ಸರ್ಕಾರಿ ತೈಲ ವಲಯದ ಹಣ ಬ್ಯಾಂಕುಗಳಲ್ಲಿ ಎಲ್ಲಿ, ಹೇಗೆ ಇಡಲ್ಪಟ್ಟಿತು ಅನ್ನೋ ಪ್ರಶ್ನೆ ಅವರ ಬಾಗಿಲಿಗೇ ಬಂತು. ಸಮಿತಿ ಅವರತ್ತ ಬೆರಳು ತೋರಿಸಿತು. ಅಷ್ಟರಲ್ಲಿ ಅವರು ಮತ್ತೆ ಆರೋಗ್ಯ ಖಾತೆಗೆ ಬಂದಿದ್ದರು. 1994ರ ಸೂರತ್ ಪ್ಲೇಗ್ ಹೊತ್ತಿಗೆ ಮಂತ್ರಿ ಅವರೇ. ಆ ಡಿಸೆಂಬರ್‌ನಲ್ಲಿ, ಕರ್ನಾಟಕ ಮತ್ತು ಆಂಧ್ರದಲ್ಲಿ ಕಾಂಗ್ರೆಸ್ ಸೋತ ಬೆನ್ನಿಗೆ, ನರಸಿಂಹರಾವ್ ಸಂಪುಟದಿಂದ ಹೊರಬಂದರು. 1996ರಲ್ಲಿ ಜನತಾದಳದ ರತ್ನಮಾಲಾ ಸವಣೂರ ಎದುರು ಸೋತರು. 2009ರಲ್ಲಿ ತೀರಿಕೊಂಡರು.

ಅವರನ್ನ ಇಳಿಸಿದ್ದು ಸಮಿತಿಯ ವರದಿ, ಕೋರ್ಟಿನ ತೀರ್ಪಲ್ಲ. ಅವರದೇ ಸಮಿತಿ ಬೋಫೋರ್ಸ್‌ನಲ್ಲಿ ಸರ್ಕಾರವನ್ನ ಉಳಿಸಿದ್ದೂ ಹೀಗೇ ಒಂದು ವರದಿಯಿಂದ. ಅದಕ್ಕೇ ಯಾವುದೇ ಪಕ್ಷ ಈಗ ಜಂಟಿ ಸಮಿತಿ ಬೇಕು ಅಂತ ಕೂಗಿದ್ರೆ, ಅಧ್ಯಕ್ಷರು ಯಾರು, ಭಿನ್ನಮತ ಬರೆದವರು ಯಾರು ಅಂತ ನಾನು ಮೊದಲು ನೋಡ್ತೀನಿ. ರಾಯಬಾಗ, ಅಥಣಿ, ಕಾಗವಾಡದ ಗೆಳೆಯರಿಗೂ ಇದನ್ನೇ ಹೇಳ್ತೀನಿ. ಹದಿನೆಂಟಕ್ಕೇ ಮತ ಸಿಕ್ಕಿದೆ. ಅದನ್ನ ಮಂಡಿಸಿದವರನ್ನೂ ಪ್ರಶ್ನಿಸೋ ಹಕ್ಕು ಅದರ ಜೊತೆಗೇ ಬಂದಿದೆ.