ಕೈ ತೊಳೆಯಲು ಕಲಿಸಿದ ವೈದ್ಯ

ಇಗ್ನಾಜ್ ಸೆಮ್ಮೆಲ್‌ವೈಸ್ 1818ರಲ್ಲಿ ಹಂಗೇರಿಯ ಬುಡಾದಲ್ಲಿ ಹುಟ್ಟಿದರು. ಅವರು ಕೆಲಸ ಮಾಡುತ್ತಿದ್ದ ವಿಯೆನ್ನಾದ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಸೂಲಗಿತ್ತಿಯರ ವಿಭಾಗಕ್ಕಿಂತ ವೈದ್ಯರ ವಿಭಾಗದಲ್ಲೇ ಬಾಣಂತಿಯರು ಜ್ವರದಿಂದ ಹೆಚ್ಚು ಸಾಯುತ್ತಿದ್ದರು. ಅವರು ಸಾವಿನ ಲೆಕ್ಕ ಹೋಲಿಸಿದರು. ಶವಪರೀಕ್ಷೆಯ ಚಾಕು ತಗುಲಿ ಗೆಳೆಯನೊಬ್ಬ ಅದೇ ಲಕ್ಷಣಗಳಿಂದ ಸತ್ತಾಗ ಕಾರಣ ಹೊಳೆಯಿತು: ಶವ ಮುಟ್ಟಿದ ಕೈಗಳಲ್ಲೇ ವೈದ್ಯರು ಹೆರಿಗೆ ಮಾಡಿಸುತ್ತಿದ್ದರು. 1847ರ ಮೇ ತಿಂಗಳಲ್ಲಿ ಕ್ಲೋರಿನ್ ನೀರಿನಲ್ಲಿ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ 2ಕ್ಕೆ ಇಳಿಯಿತು. ಆದರೂ ಅನೇಕ ಹಿರಿಯ ವೈದ್ಯರು ಒಪ್ಪಲಿಲ್ಲ. 1865ರಲ್ಲಿ, 47ನೇ ವಯಸ್ಸಿಗೆ, ಮಾನಸಿಕ ಆಸ್ಪತ್ರೆಯಲ್ಲಿ ತೀರಿಕೊಂಡರು.

ಇಂದು ಆಸ್ಪತ್ರೆಗಳು ಸೋಂಕಿನ ಲೆಕ್ಕ ಇಡುವುದು ಅವರು ತೋರಿದ ದಾರಿಯಲ್ಲೇ. ಜಹೀರಾಬಾದ್, ನಾರಾಯಣಖೇಡ್, ತಾಂಡೂರಿನ ಆಸ್ಪತ್ರೆಗಳಿಗೆ ಬಾಣಂತಿಯರನ್ನು ನೋಡಲು ಹೋಗುವ ನಾವೂ ಮಗುವನ್ನು ಎತ್ತಿಕೊಳ್ಳುವ ಮೊದಲು ಸಾಬೂನಿನಿಂದ ಕೈ ತೊಳೆಯೋಣ.