ಎಟ್ಟೋರೆ ಬುಗಾಟಿ

ಎಟ್ಟೋರೆ ಬುಗಾಟಿ (೧೫ ಸೆಪ್ಟೆಂಬರ್ ೧೮೮೧ – ೨೧ ಆಗಸ್ಟ್ ೧೯೪೭) ಇಟಲಿಯಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ನೆಲೆಸಿದ ಪ್ರಸಿದ್ಧ ಮೋಟಾರು ಕಾರು ವಿನ್ಯಾಸಕರು ಮತ್ತು ತಯಾರಕರು. ಆಲ್ಸೇಸ್ ಪ್ರಾಂತ್ಯದ ಮೋಲ್ಸ್‌ಹೈಮ್ ಎಂಬ ಊರಿನಲ್ಲಿ ಅವರು ಸ್ಥಾಪಿಸಿದ ಕಾರ್ಖಾನೆಯ ಕಾರುಗಳು ೧೯೨೦ರ ದಶಕದ ಓಟದ ಸ್ಪರ್ಧೆಗಳಲ್ಲಿ ಮೇಲುಗೈ ಸಾಧಿಸಿದವು. ಚಕ್ರ, ಗುಂಬ ಮತ್ತು ಬ್ರೇಕುಗಳನ್ನು ಬೇರೆ ಬೇರೆ ಭಾಗಗಳೆಂದು ನೋಡದೆ ಒಂದೇ ಅಂಗವೆಂದು ಪರಿಗಣಿಸಿದ್ದು ಅವರ ವಿನ್ಯಾಸದ ಒಂದು ಮುಖ್ಯ ಲಕ್ಷಣವಾಗಿದೆ.

ಮನೆತನ ಮತ್ತು ಬಾಲ್ಯ

ಬುಗಾಟಿಯವರು ಮಿಲಾನ್ ನಗರದಲ್ಲಿ ಕಲಾವಿದರ ಮನೆತನದಲ್ಲಿ ಜನಿಸಿದರು. ತಂದೆ ಕಾರ್ಲೋ ಬುಗಾಟಿ ಪೀಠೋಪಕರಣ ಮತ್ತು ಆಭರಣಗಳ ವಿನ್ಯಾಸಕ್ಕೆ ಹೆಸರಾಗಿದ್ದರು. ತಮ್ಮ ರೆಂಬ್ರಾಂಟ್ ಬುಗಾಟಿ ಪ್ರಾಣಿಗಳ ಕಂಚಿನ ಶಿಲ್ಪಗಳಿಂದ ಖ್ಯಾತಿ ಪಡೆದರು. ಎಟ್ಟೋರೆಯವರ ಒಲವು ಯಂತ್ರಗಳ ಕಡೆಗೆ ತಿರುಗಿತು. ಎಂಜಿನಿಯರಿಂಗ್ ಶಾಲೆಯ ಶಿಕ್ಷಣಕ್ಕಿಂತ ಕಾರ್ಖಾನೆಯ ಕೆಲಸವೇ ಅವರನ್ನು ರೂಪಿಸಿತು. ಹದಿಹರೆಯದಲ್ಲಿಯೇ ಅವರು ಮಿಲಾನಿನ ಪ್ರಿನೆಟ್ಟಿ ಮತ್ತು ಸ್ಟುಕ್ಕಿ ಸಂಸ್ಥೆಯನ್ನು ಸೇರಿ ಮೋಟಾರು ತ್ರಿಚಕ್ರ ವಾಹನಗಳ ಮೇಲೆ ಕೆಲಸ ಮಾಡಿದರು.

ವೃತ್ತಿಯ ಆರಂಭ

೧೯೦೧ರಲ್ಲಿ ಅವರು ನಿರ್ಮಿಸಿದ ಕಾರೊಂದು ಮಿಲಾನಿನ ಪ್ರದರ್ಶನದಲ್ಲಿ ಬಹುಮಾನ ಗಳಿಸಿತು. ಅದರ ಫಲವಾಗಿ ಮರುವರ್ಷ ಆಲ್ಸೇಸ್ ಪ್ರಾಂತ್ಯದ ದ ದಿತ್ರಿಶ್ ಸಂಸ್ಥೆಯಲ್ಲಿ ವಿನ್ಯಾಸಕರ ಹುದ್ದೆ ದೊರೆಯಿತು. ಆಗ ಅವರಿನ್ನೂ ಪ್ರಾಪ್ತ ವಯಸ್ಕರಾಗಿರಲಿಲ್ಲ. ಆದ್ದರಿಂದ ಒಪ್ಪಂದಕ್ಕೆ ತಂದೆಯೇ ಸಹಿ ಹಾಕಬೇಕಾಯಿತು. ಮುಂದೆ ಸ್ಟ್ರಾಸ್‌ಬರ್ಗಿನಲ್ಲಿ ಎಮಿಲ್ ಮಥಿಸ್ ಅವರೊಡನೆಯೂ, ಕಲೋನ್ ನಗರದ ಡಾಯ್ಟ್ಸ್ ಸಂಸ್ಥೆಯಲ್ಲಿಯೂ ದುಡಿದರು. ೧೯೦೯ರ ಕೊನೆಯಲ್ಲಿ ಮೋಲ್ಸ್‌ಹೈಮಿನ ಪಾಳುಬಿದ್ದ ಬಣ್ಣದ ಕಾರ್ಖಾನೆಯೊಂದರಲ್ಲಿ ಸ್ವಂತ ಉದ್ಯಮವನ್ನು ಆರಂಭಿಸಿದರು. ಆಲ್ಸೇಸ್ ಆಗ ಜರ್ಮನಿಯ ಆಳ್ವಿಕೆಯಲ್ಲಿತ್ತು. ಮೊದಲನೆಯ ಮಹಾಯುದ್ಧದ ನಂತರ ಫ್ರಾನ್ಸಿಗೆ ಸೇರಿತು. ಯುದ್ಧಕಾಲದಲ್ಲಿ ಬುಗಾಟಿಯವರು ಅಲ್ಲಿಂದ ಹೊರಟು ವಿಮಾನದ ಎಂಜಿನುಗಳನ್ನು ರೂಪಿಸಿದರು. ಯುದ್ಧ ಮುಗಿದ ಮೇಲೆ ಮೋಲ್ಸ್‌ಹೈಮಿಗೆ ಮರಳಿದರು. ೧೯೨೧ರಲ್ಲಿ ಇಟಲಿಯ ಬ್ರೆಷಾದಲ್ಲಿ ನಡೆದ ಸ್ಪರ್ಧೆಯಲ್ಲಿ ಅವರ ಪುಟ್ಟ ಕಾರುಗಳು ಮೊದಲ ನಾಲ್ಕು ಸ್ಥಾನಗಳನ್ನೂ ಪಡೆದವು.

ಚಕ್ರ ಮತ್ತು ಗುಂಬದ ಸುಧಾರಣೆ

ಚಕ್ರದ ನಡುವೆ ಇದ್ದು ಅದನ್ನು ಅಚ್ಚಿಗೆ ಕೂಡಿಸುವ ಭಾಗವೇ ಗುಂಬ. ಇಂದಿನ ಮಾತಿನಲ್ಲಿ ಇದನ್ನು ಹಬ್ ಎನ್ನುತ್ತಾರೆ. ಸಾಮಾನ್ಯ ಕಾರುಗಳಲ್ಲಿ ಗುಂಬದ ಮುಖಕ್ಕೆ ನಾಲ್ಕೋ ಐದೋ ಸ್ಟಡ್‌ಗಳನ್ನು ಕೂರಿಸಿ, ನಟ್ಟುಗಳಿಂದ ಚಕ್ರವನ್ನು ಬಿಗಿಯುತ್ತಾರೆ. ಈ ಬಿಗಿತ ಸಡಿಲವಾದರೆ ಚಕ್ರದ ಅಲುಗಾಟದಿಂದ ಸ್ಟಡ್‌ಗಳು ಬಾಗಿ ಮುರಿಯುವ ಸಂಭವವಿದೆ. ಓಟದ ಕಾರುಗಳಲ್ಲಿ ಚಕ್ರವನ್ನು ಕ್ಷಣಮಾತ್ರದಲ್ಲಿ ಬದಲಿಸಬೇಕಾಗಿದ್ದುದರಿಂದ, ನಡುವಿನ ಒಂದೇ ದೊಡ್ಡ ನಟ್ಟಿನ ವ್ಯವಸ್ಥೆ ರೂಢಿಗೆ ಬಂದಿತು. ಇಂಗ್ಲೆಂಡಿನ ರಡ್ಜ್-ವಿಟ್‌ವರ್ತ್ ಸಂಸ್ಥೆಯ ತಂತಿ ಅರಗಳ ಚಕ್ರ ಈ ಬಗೆಯದು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಕಡೆಯ ಎತ್ತಿನ ಗಾಡಿಯಲ್ಲಿ ಅಚ್ಚಿನ ತುದಿಯ ಒಂದೇ ಕಡಾಣಿ ಇಡೀ ಚಕ್ರವನ್ನು ತಡೆದು ನಿಲ್ಲಿಸುವುದನ್ನು ಇದಕ್ಕೆ ಹೋಲಿಸಬಹುದು. ಆದರೆ ಗಾಡಿಯ ಚಕ್ರ ಅಚ್ಚಿನ ಮೇಲೆ ತಾನಾಗಿ ಉರುಳುತ್ತದೆ. ಕಾರಿನ ಚಕ್ರವಾದರೋ ಎಂಜಿನಿನ ಎಳೆತವನ್ನೂ ಬ್ರೇಕಿನ ತಡೆಯನ್ನೂ ಹೊರಬೇಕು. ಆದಕಾರಣ ಗುಂಬಕ್ಕೂ ಚಕ್ರಕ್ಕೂ ಪರಸ್ಪರ ಕಚ್ಚಿಕೊಳ್ಳುವ ಹಲ್ಲುಗಳು ಅಗತ್ಯವಾಗುತ್ತವೆ.

೧೯೨೪ರಲ್ಲಿ ಹೊರಬಂದ ಟೈಪ್ ೩೫ ಕಾರಿನಲ್ಲಿ ಬುಗಾಟಿಯವರು ತಂತಿ ಅರಗಳನ್ನು ಕೈಬಿಟ್ಟು, ಚಪ್ಪಟೆಯಾದ ಎಂಟು ಅರಗಳುಳ್ಳ ಚಕ್ರವನ್ನು ಅಲ್ಯೂಮಿನಿಯಮಿನಲ್ಲಿ ಎರಕ ಹೊಯ್ಯಿಸಿದರು. ಬ್ರೇಕಿನ ಡ್ರಮ್ಮನ್ನು ಚಕ್ರದಲ್ಲಿಯೇ ಅಡಕಗೊಳಿಸಿದರು. ಬ್ರೇಕಿನ ಕಾವು ಅರಗಳ ಮೂಲಕ ಗಾಳಿಗೆ ಹರಿದು ಡ್ರಮ್ಮು ಬೇಗ ತಣಿಯುತ್ತಿತ್ತು. ಚಕ್ರವನ್ನು ಕಳಚಿದೊಡನೆ ಬ್ರೇಕಿನ ಪಟ್ಟಿಗಳು ಎಷ್ಟು ಸವೆದಿವೆ ಎಂಬುದು ಕಣ್ಣಿಗೆ ಬೀಳುತ್ತಿತ್ತು. ಆದರೆ ಪ್ರತಿಯೊಂದು ಹೆಚ್ಚುವರಿ ಚಕ್ರದೊಡನೆ ಒಂದು ಡ್ರಮ್ಮನ್ನೂ ಸಿದ್ಧಪಡಿಸಬೇಕಾಗಿದ್ದುದು ಇದರ ಅನನುಕೂಲ.

ಈ ಕಾರಿನ ಮೊದಲ ಸ್ಪರ್ಧೆ ನಿರಾಶಾದಾಯಕವಾಗಿತ್ತು. ೧೯೨೪ರ ಆಗಸ್ಟಿನಲ್ಲಿ ಲಿಯಾನ್ ನಗರದ ಬಳಿ ನಡೆದ ಗ್ರಾಂಡ್ ಪ್ರಿಯಲ್ಲಿ, ಸರಿಯಾಗಿ ಹದಗೊಳ್ಳದ ರಬ್ಬರಿನ ಟೈರುಗಳು ಕಿತ್ತುಬಂದು ಬುಗಾಟಿ ಕಾರುಗಳು ಹಿಂದುಳಿದವು. ಬುಗಾಟಿಯವರು ಚಕ್ರದ ವಿನ್ಯಾಸವನ್ನು ಕೈಬಿಡಲಿಲ್ಲ. ೧೯೨೫ರಿಂದ ೧೯೨೯ರವರೆಗೆ ಸಿಸಿಲಿಯ ಟಾರ್ಗಾ ಫ್ಲೋರಿಯೋ ಸ್ಪರ್ಧೆಯನ್ನು ಅವರ ಕಾರುಗಳು ಸತತವಾಗಿ ಐದು ಬಾರಿ ಗೆದ್ದವು. ಬೆಟ್ಟದ ತಿರುವುಗಳಿಂದ ಕೂಡಿದ ಆ ದಾರಿ ಚಕ್ರ ಮತ್ತು ಬ್ರೇಕುಗಳಿಗೆ ಕಠಿಣ ಪರೀಕ್ಷೆಯಾಗಿತ್ತು. ೧೯೨೯ರ ಮೊದಲ ಮೊನಾಕೊ ಗ್ರಾಂಡ್ ಪ್ರಿಯಲ್ಲಿಯೂ ಬುಗಾಟಿ ಕಾರೇ ಜಯಗಳಿಸಿತು.

೧೯೩೩ರ ಟೈಪ್ ೫೯ ಕಾರಿನಲ್ಲಿ ಅವರು ಮತ್ತೊಂದು ಮಾರ್ಗ ಹಿಡಿದರು. ಇದರಲ್ಲಿ ಪಿಯಾನೋ ತಂತಿಯಂತಹ ತೆಳುವಾದ ಅರಗಳು ಕಾರಿನ ಭಾರವನ್ನು ಮಾತ್ರ ಹೊರುತ್ತವೆ. ಎಳೆತ ಮತ್ತು ಬ್ರೇಕಿನ ಬಲವನ್ನು ಹಿಂಬದಿಯ ತಟ್ಟೆಯ ಅಂಚಿನಲ್ಲಿರುವ ಹಲ್ಲುಗಳು ನೇರವಾಗಿ ಚಕ್ರದ ಹೊರಬಳೆಗೆ ಮುಟ್ಟಿಸುತ್ತವೆ.

ರೋಯಾಲ್ ಮತ್ತು ರೈಲುಗಾಡಿ

ರಾಜಮಹಾರಾಜರಿಗೆಂದು ಉದ್ದೇಶಿಸಿದ ಟೈಪ್ ೪೧ ರೋಯಾಲ್ ಕಾರು ಸುಮಾರು ೧೨.೭ ಲೀಟರ್ ಎಂಜಿನುಳ್ಳ ಬೃಹತ್ ವಾಹನ. ಆರ್ಥಿಕ ಮುಗ್ಗಟ್ಟಿನ ಕಾಲವಾದ್ದರಿಂದ ತಯಾರಾದ ಆರರಲ್ಲಿ ಮೂರು ಮಾತ್ರ ಆಗ ಮಾರಾಟವಾದವು. ಈ ಎಂಜಿನುಗಳನ್ನು ಬಳಸಿ ಬುಗಾಟಿಯವರು ೧೯೩೩ರಿಂದ ವೇಗದ ರೈಲುಗಾಡಿಗಳನ್ನು ನಿರ್ಮಿಸಿ, ಸಂಸ್ಥೆಯನ್ನು ನಷ್ಟದಿಂದ ಪಾರುಮಾಡಿದರು.

ಬ್ರೇಕುಗಳ ವಿಷಯದಲ್ಲಿ ಹಿಂಜರಿಕೆ

ಚಕ್ರದಲ್ಲಿ ಹೊಸತನ್ನು ತಂದ ಬುಗಾಟಿಯವರು ಬ್ರೇಕನ್ನು ಒತ್ತುವ ವಿಧಾನದಲ್ಲಿ ಹಳೆಯ ಕ್ರಮವನ್ನೇ ಬಹುಕಾಲ ಹಿಡಿದುಕೊಂಡರು. ಇತರ ತಯಾರಕರು ದ್ರವದ ಒತ್ತಡದಿಂದ ಕೆಲಸ ಮಾಡುವ ಬ್ರೇಕುಗಳನ್ನು ಅಳವಡಿಸಿಕೊಂಡ ಮೇಲೆಯೂ ಅವರ ಕಾರುಗಳಲ್ಲಿ ತಂತಿಯ ಬ್ರೇಕುಗಳೇ ಇದ್ದವು. ೧೯೩೮ರಲ್ಲಿ ಮಾತ್ರ ಟೈಪ್ ೫೭ ಕಾರಿಗೆ ದ್ರವದ ಬ್ರೇಕು ಬಂದಿತು. ಅಷ್ಟು ಹೊತ್ತಿಗೆ ಕಾರ್ಖಾನೆಯ ಹೊಣೆ ಬಹುಮಟ್ಟಿಗೆ ಮಗ ಜಾನ್ ಬುಗಾಟಿಯವರದಾಗಿತ್ತು. ೧೯೩೬ರ ಕಾರ್ಮಿಕರ ಮುಷ್ಕರದಿಂದ ನೊಂದ ತಂದೆ ಹೆಚ್ಚಾಗಿ ಪ್ಯಾರಿಸಿನಲ್ಲಿಯೇ ಇರತೊಡಗಿದ್ದರು.

ಕೊನೆಯ ವರ್ಷಗಳು

೧೯೩೭ ಮತ್ತು ೧೯೩೯ರಲ್ಲಿ ಲ ಮಾನ್ಸ್‌ನ ೨೪ ಗಂಟೆಗಳ ಸ್ಪರ್ಧೆಯನ್ನು ಬುಗಾಟಿ ಕಾರುಗಳು ಗೆದ್ದವು. ೧೯೩೯ರ ಆಗಸ್ಟ್ ೧೧ರಂದು ಜಾನ್ ಕಾರ್ಖಾನೆಯ ಸಮೀಪದ ರಸ್ತೆಯಲ್ಲಿ ಓಟದ ಕಾರೊಂದನ್ನು ಪರೀಕ್ಷಿಸುತ್ತಿದ್ದರು. ಎದುರಾದ ಸೈಕಲ್ ಸವಾರನನ್ನು ತಪ್ಪಿಸಲು ಹೋಗಿ ಅಪಘಾತದಲ್ಲಿ ಮೃತಪಟ್ಟರು. ಆಗ ಅವರಿಗೆ ಮೂವತ್ತು ವರ್ಷ. ಮರುತಿಂಗಳು ಎರಡನೆಯ ಮಹಾಯುದ್ಧ ಆರಂಭವಾಯಿತು. ಜರ್ಮನ್ ಆಕ್ರಮಣ ಕಾಲದಲ್ಲಿ ಕಾರ್ಖಾನೆಯನ್ನು ಬಲವಂತವಾಗಿ ಮಾರಬೇಕಾಯಿತು. ಯುದ್ಧಾನಂತರ ಅದನ್ನು ಫ್ರೆಂಚ್ ಸರ್ಕಾರ ವಶಪಡಿಸಿಕೊಂಡಿದ್ದರಿಂದ, ಮರಳಿ ಪಡೆಯಲು ಬುಗಾಟಿಯವರು ನ್ಯಾಯಾಲಯದ ಮೆಟ್ಟಿಲೇರಿದರು. ೧೯೪೭ರ ಆಗಸ್ಟ್ ೨೧ರಂದು ಅವರು ನಿಧನರಾದರು. ಮೋಲ್ಸ್‌ಹೈಮಿನ ಪಕ್ಕದ ಡಾರ್ಲಿಸ್‌ಹೈಮಿನಲ್ಲಿ ಅವರ ಸಮಾಧಿಯಿದೆ. ಸಂಸ್ಥೆ ೧೯೬೩ರಲ್ಲಿ ಹಿಸ್ಪಾನೋ-ಸುಯಿಜಾ ಸಂಸ್ಥೆಯ ಕೈಸೇರಿತು. ೧೯೯೮ರಲ್ಲಿ ಬುಗಾಟಿ ಎಂಬ ಹೆಸರಿನ ಹಕ್ಕನ್ನು ಜರ್ಮನಿಯ ಫೋಕ್ಸ್‌ವ್ಯಾಗನ್ ಪಡೆಯಿತು.

ಹಳೆಯ ಕಾರುಗಳ ಪುನರುದ್ಧಾರ

ಬುಗಾಟಿಯವರ ಕಾರುಗಳು ಇಂದಿಗೂ ಹಳೆಯ ಕಾರುಗಳ ಓಟದಲ್ಲಿ ಭಾಗವಹಿಸುತ್ತವೆ. ಅಲ್ಯೂಮಿನಿಯಮ್ ಎರಕವು ಪದೇ ಪದೇ ಬೀಳುವ ಭಾರದಿಂದ ದಣಿದು, ಕಣ್ಣಿಗೆ ಕಾಣದ ಬಿರುಕುಗಳನ್ನು ಪಡೆಯುತ್ತದೆ. ಆದುದರಿಂದ ಅನೇಕ ಮಾಲೀಕರು ಮೂಲ ಚಕ್ರಗಳನ್ನು ಜೋಪಾನವಾಗಿಟ್ಟು, ಅದೇ ನಮೂನೆಯಲ್ಲಿ ಹೊಸದಾಗಿ ಎರಕ ಹೊಯ್ದ ಚಕ್ರಗಳ ಮೇಲೆ ಕಾರನ್ನು ಓಡಿಸುತ್ತಾರೆ. ತಂತಿ ಅರಗಳೊಡನೆ ಮಾರಾಟವಾಗಿದ್ದ ಟೈಪ್ ೩೭ ಕಾರುಗಳಿಗೆ ಟೈಪ್ ೩೫ರ ಚಕ್ರಗಳನ್ನು ಕೂರಿಸುವುದೂ ಉಂಟು. ಹಾಗೆ ಮಾಡುವಾಗ ಚಕ್ರವನ್ನಷ್ಟೇ ಬದಲಿಸಿದರೆ ಸಾಲದು, ಬ್ರೇಕಿನ ಡ್ರಮ್ಮು ಮತ್ತು ಗುಂಬಗಳನ್ನೂ ಬದಲಿಸಬೇಕಾಗುತ್ತದೆ. ಇದರಿಂದ ಕಾರಿನ ಮೂಲ ಸ್ವರೂಪ ಮಾರ್ಪಡುವುದರಿಂದ, ಕಳಚಿದ ಭಾಗಗಳನ್ನು ಕಾರಿನೊಡನೆ ಉಳಿಸಿಕೊಳ್ಳುವುದು ಉಚಿತ. ಫ್ರಾನ್ಸಿನ ಮುಲೂಸ್ ನಗರದ ರಾಷ್ಟ್ರೀಯ ಮೋಟಾರು ವಾಹನ ಸಂಗ್ರಹಾಲಯದಲ್ಲಿ ಎರಡು ರೋಯಾಲ್ ಕಾರುಗಳೂ ಸೇರಿದಂತೆ ಬುಗಾಟಿ ಕಾರುಗಳ ಬಹುದೊಡ್ಡ ಸಂಗ್ರಹವಿದೆ.