ಕೈ ಕಡಿದರೂ ಸುದ್ದಿ ಸಾಯಲಿಲ್ಲ

ಪ್ರತಿ ವರ್ಷ ಸೆಪ್ಟೆಂಬರ್ 17 ಬಂತೆಂದರೆ ನಮ್ಮ ಭಾಗದಲ್ಲೆಲ್ಲ ಬಾವುಟ ಏರುತ್ತದೆ. ಗಬ್ಬೂರು, ದೇವದುರ್ಗ, ಮಾನ್ವಿ, ರಾಯಚೂರು ಎಲ್ಲವೂ ಒಂದು ಕಾಲಕ್ಕೆ ನಿಜಾಮನ ಸೀಮೆ. ವಿಮೋಚನೆ ಅಂದಕೂಡಲೇ ಸರ್ದಾರ್ ಪಟೇಲರ ಹೆಸರು ಬರುತ್ತದೆ, ಸೈನ್ಯದ ಹೆಸರು ಬರುತ್ತದೆ. ಆದರೆ ಆ ದಿನಕ್ಕೆ ಸುಮಾರು ನಾಲ್ಕು ವಾರ ಮೊದಲು ಹೈದರಾಬಾದಿನ ಬೀದಿಯಲ್ಲಿ ಹೆಣವಾಗಿ ಬಿದ್ದ ಪತ್ರಕರ್ತ ಶೋಯೆಬುಲ್ಲಾ ಖಾನರ ಹೆಸರು ಎಷ್ಟು ಮಂದಿಗೆ ಗೊತ್ತು?

ಶೋಯೆಬುಲ್ಲಾ ಹುಟ್ಟಿದ್ದು 1920ರಲ್ಲಿ, ವರಂಗಲ್ ಸೀಮೆಯಲ್ಲಿ. ಉಸ್ಮಾನಿಯಾ ವಿಶ್ವವಿದ್ಯಾಲಯದ ಪದವೀಧರ. ಮನಸ್ಸು ಮಾಡಿದ್ದರೆ ನಿಜಾಮ್ ಸರ್ಕಾರದಲ್ಲಿ ಒಳ್ಳೇ ಕುರ್ಚಿಯೇ ಸಿಗುತ್ತಿತ್ತು. ಆದರೆ ಅವರು ಹಿಡಿದದ್ದು ಲೇಖನಿ. ಮೊದಲು ತೇಜ್ ಪತ್ರಿಕೆ, ಆಮೇಲೆ ಮಂದುಮುಲ ನರಸಿಂಗರಾಯರ ರಯ್ಯತ್. ರಯ್ಯತ್ ಅಂದರೆ ನಮ್ಮ ರೈತನೇ. ಸರ್ಕಾರಕ್ಕೆ ಅದರ ಬರಹ ಹಿಡಿಸಲಿಲ್ಲ, ಪತ್ರಿಕೆಗೆ ಬೀಗ ಬಿತ್ತು. ಶೋಯೆಬುಲ್ಲಾ ಸುಮ್ಮನೆ ಕೂಡಲಿಲ್ಲ. ಬೂರ್ಗುಲ ರಾಮಕೃಷ್ಣರಾಯರಂಥವರ ನೆರವಿನಿಂದ 1947ರ ಕೊನೆಗೆ ಇಮ್ರೋಜ್ ಎಂಬ ಉರ್ದು ದಿನಪತ್ರಿಕೆ ಹೊರಡಿಸಿದರು. ಇಮ್ರೋಜ್ ಅಂದರೆ ಇವತ್ತು.

ಆಗಿನ ಪರಿಸ್ಥಿತಿ ನೆನಪಿಡಬೇಕು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮಗೆ ಬಂದಿರಲಿಲ್ಲ. 1947ರ ನವೆಂಬರ್‌ನಲ್ಲಿ ನಿಜಾಮನಿಗೂ ದಿಲ್ಲಿಗೂ ಯಥಾಸ್ಥಿತಿ ಒಪ್ಪಂದವಾಗಿತ್ತು. ಲಾತೂರಿನ ವಕೀಲ ಕಾಸಿಂ ರಜ್ವಿಯ ರಜಾಕಾರರ ಆರ್ಭಟ ಹಳ್ಳಿಹಳ್ಳಿಗೂ ಮುಟ್ಟಿತ್ತು. ಸರ್ಕಾರದ ರೇಡಿಯೋ ಹಚ್ಚಿದರೆ ನಿಜಾಮನ ಮರ್ಯಾದೆಯ ಮಾತು, ದರ್ಬಾರಿನ ಪರವಾದ ಪತ್ರಿಕೆ ಬಿಡಿಸಿದರೆ ಸಂಸ್ಥಾನದ ಸ್ವಾತಂತ್ರ್ಯದ ಮಾತು. ಸುಟ್ಟ ಮನೆ, ಲೂಟಿಯಾದ ಕಣಜ, ಊರು ಬಿಟ್ಟು ಗಡಿಯಾಚೆ ಶಿಬಿರ ಸೇರಿದ ಸಂಸಾರಗಳು, ಇವು ಅಲ್ಲಿ ಸುದ್ದಿಯೇ ಅಲ್ಲ. ಪೇಪರು ನಮ್ಮ ತಲೆಯೊಳಗೆ ಅಭಿಪ್ರಾಯ ತುಂಬುತ್ತದೋ ಇಲ್ಲವೋ, ಯಾವ ವಿಷಯದ ಬಗ್ಗೆ ಮಾತಾಡಬೇಕು ಅನ್ನೋದನ್ನು ಮಾತ್ರ ಗೊತ್ತು ಮಾಡಿಬಿಡುತ್ತದೆ. ಅಚ್ಚಾಗದ ಸಂಕಟ ಆ ಮನೆಯವರ ಸಂಕಟವಾಗಿಯೇ ಉಳಿಯುತ್ತದೆ, ನಾಡಿನ ಸಂಕಟ ಆಗೋದಿಲ್ಲ.

ಇಮ್ರೋಜ್ ಮಾಡಿದ್ದು ಇದೇ ಕೆಲಸ. ರಜಾಕಾರರ ದೌರ್ಜನ್ಯ, ಜನರ ಸರ್ಕಾರ ಯಾವಾಗ ಅನ್ನುವ ಪ್ರಶ್ನೆ, ಭಾರತ ಒಕ್ಕೂಟಕ್ಕೆ ಸೇರುವ ವಿಚಾರ, ಇವನ್ನು ಅದು ಮುಂದಕ್ಕೆ ತಂದಿತು. ಅದೂ ದರ್ಬಾರಿನ ಭಾಷೆಯಾದ ಉರ್ದುವಿನಲ್ಲಿ, ಮುಸಲ್ಮಾನ ಸಂಪಾದಕನ ಕೈಯಿಂದ. ಇದು ಹಿಂದೂ ಮುಸಲ್ಮಾನರ ಜಗಳ ಅಂತ ಸಾರುತ್ತಿದ್ದವರಿಗೆ ಇದೇ ನುಂಗಲಾರದ ತುತ್ತಾಯಿತು. 1948ರ ಆಗಸ್ಟ್‌ನಲ್ಲಿ ಏಳು ಮಂದಿ ಮುಸ್ಲಿಂ ಗಣ್ಯರು ರಜಾಕಾರರನ್ನು ವಿಸರ್ಜಿಸಿ, ಭಾರತಕ್ಕೆ ಸೇರಿರಿ ಎಂದು ನಿಜಾಮನಿಗೆ ಹೇಳಿಕೆ ಕೊಟ್ಟರು. ಶೋಯೆಬುಲ್ಲಾ ಅದನ್ನು ಅಚ್ಚು ಹಾಕಿದರು. ತಮ್ಮ ವಿರುದ್ಧ ಏಳುವ ಕೈ ಕಡಿಯಲಾದೀತು ಎಂಬರ್ಥದಲ್ಲಿ ರಜ್ವಿ ಸಭೆಯಲ್ಲಿ ಗುಡುಗಿದನೆಂದು ಆ ಕಾಲದ ಚರಿತ್ರೆ ಬರೆದವರು ಹೇಳುತ್ತಾರೆ.

ಆಗಸ್ಟ್ 21ರ ರಾತ್ರಿ ಪತ್ರಿಕೆಯ ಕೆಲಸ ಮುಗಿಸಿ ಶೋಯೆಬುಲ್ಲಾ ಮನೆಗೆ ಹೊರಟಿದ್ದರು. ಕಾಚಿಗುಡದ ಬಳಿ ದುಷ್ಕರ್ಮಿಗಳು ಅಡ್ಡಗಟ್ಟಿ ಗುಂಡು ಹಾರಿಸಿದರು, ಬರೆಯುವ ಕೈಯನ್ನೇ ಕಡಿದರು. ಜತೆಗಿದ್ದ ಸಂಬಂಧಿಕರೂ ಗಾಯಗೊಂಡರು. ಬೆಳಗಾಗುವುದರೊಳಗೆ ಪ್ರಾಣ ಹೋಯಿತು. ವಯಸ್ಸು ಬರೇ 27. ಸುದ್ದಿ ಮುಚ್ಚಲು ಕೊಂದರು, ಕೊಲೆಯೇ ದೊಡ್ಡ ಸುದ್ದಿಯಾಗಿ ದೇಶವೆಲ್ಲ ಹಬ್ಬಿತು. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಬಂತು, 17ಕ್ಕೆ ನಿಜಾಮ ಶರಣಾದ.

ಕಥೆ ಇಲ್ಲಿಗೇ ಮುಗಿಸಿದರೆ ಅರ್ಧ ಸತ್ಯ ಹೇಳಿದಂತೆ. ಸೈನ್ಯ ಬಂದ ಮೇಲೆ ನಡೆದ ಹಿಂಸೆಯಲ್ಲಿ ಸಾವಿರಾರು ಮುಸಲ್ಮಾನರು ಸತ್ತರು. ನಮ್ಮ ನೆರೆಯ ಗುಲ್ಬರ್ಗ, ಬೀದರಗಳಲ್ಲಿ ಪೆಟ್ಟು ಹೆಚ್ಚು. ನೆಹರೂ ಕಳಿಸಿದ ಪಂಡಿತ್ ಸುಂದರಲಾಲ್ ಸಮಿತಿ, ಸಂಸ್ಥಾನದಲ್ಲೆಲ್ಲ ಸತ್ತವರು 27 ಸಾವಿರದಿಂದ 40 ಸಾವಿರ ಇರಬಹುದೆಂದು ಅಂದಾಜು ಮಾಡಿತು. ಆ ಸಮಿತಿಯಲ್ಲಿ ಹೈದರಾಬಾದಿನ ಪಯಾಮ್ ಪತ್ರಿಕೆ ನಡೆಸಿದ್ದ ಕಾಜಿ ಅಬ್ದುಲ್ ಗಫಾರರೂ ಇದ್ದರು. ವರದಿ ಮಾತ್ರ ದಶಕಗಳ ಕಾಲ ಕಡತದೊಳಗೇ ಕೂತಿತು. ರಜಾಕಾರರ ಕಥೆ ಭಾಷಣ, ಪುಸ್ತಕ, ಪತ್ರಿಕೆಗಳಲ್ಲಿ ಬಂತು, ಜನರ ಬಾಯಲ್ಲಿ ಉಳಿಯಿತು. ಇನ್ನೊಂದು ಕಥೆ ಅಷ್ಟಾಗಿ ಅಚ್ಚಾಗಲಿಲ್ಲ, ಸತ್ತವರ ಮನೆಗಳಲ್ಲೇ ಉಳಿಯಿತು. ಎರಡೂ ನಡೆದದ್ದೇ. ಒಂದು ದೊಡ್ಡ ವಿಷಯವಾಯಿತು, ಇನ್ನೊಂದು ವಿಷಯವೇ ಆಗಲಿಲ್ಲ.

ಅದಕ್ಕೇ ಪೇಪರು ಕೊಳ್ಳುವವರಿಗೆ ಒಂದು ಮಾತು. ಅಂಗಡಿ ಗಲ್ಲೆಯ ಮುಂದಾಗಲಿ, ಬಸ್ಸಿನ ಸೀಟಿನಲ್ಲಾಗಲಿ ಮುಖಪುಟ ಓದಿ ಮಡಚುವ ಮುಂಚೆ, ಇದರಲ್ಲಿ ಏನು ಬಂದಿದೆ ಅನ್ನುವ ಜೊತೆಗೆ ಏನು ಬಂದಿಲ್ಲ ಅಂತಲೂ ಕೇಳಿರಿ. ನಮ್ಮ ಈ ಪತ್ರಿಕೆಯನ್ನೂ ಕೇಳಿರಿ. ದಿಲ್ಲಿ ಬೆಂಗಳೂರಿನ ಜಗಳ ನಾಲ್ಕು ಕಾಲಂ ತಿಂದು, ಗಬ್ಬೂರಿನ ರಸ್ತೆ, ನೀರು, ಆಸ್ಪತ್ರೆಗೆ ನಾಲ್ಕು ಸಾಲೂ ಸಿಗದಿದ್ದರೆ ಸಂಪಾದಕರಿಗೆ ಒಂದು ಕಾರ್ಡು ಹಾಕಿರಿ. ಶೋಯೆಬುಲ್ಲಾ ಅಚ್ಚು ಹಾಕಲಿಕ್ಕೆ ಜೀವ ಕೊಟ್ಟರು. ನಾವು ಕೇಳಲಿಕ್ಕೆ ಕೊಡಬೇಕಾದ್ದು ಅಂಚೆ ಕಾಸು ಮಾತ್ರ.